ಐತೆ ಅಂದ ಹುಡುಗಿ

ತೊಂಬತ್ತೊಂಬತ್ತನೇ ಇಸವಿಯ ಮಾರ್ಚ್‌ನಲ್ಲಿ ಮೂರ್ತಪ್ಪನವರು ಹೊಸ ನಿಯಮ ತಂದರು. ಯುಕೆಜಿ ಮುಗಿಸಿದ ಮಗು ಹೊರಗಿನವರೊಬ್ಬರ ಎದುರು ಪುಸ್ತಕ ಓದಿ ತೋರಿಸಬೇಕು. ಓದಿದರೆ ಒಂದನೇ ತರಗತಿ. ಓದದಿದ್ದರೆ ಇನ್ನೊಂದು ವರ್ಷ ಅದೇ ಚಾಪೆ. ಇಷ್ಟು ಸಣ್ಣ ಮಕ್ಕಳಿಗೆ ಪರೀಕ್ಷೆ ಇಡುವುದು ದಡ್ಡತನ ಎಂದು ನಾನು ಅವರ ಮುಖಕ್ಕೇ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಹೊಳಲ್ಕೆರೆಯಲ್ಲಿ ವರ್ಷಕ್ಕೊಂದು ಹೊಸ ಶಾಲೆ ಏಳುತ್ತಿದೆ, ನಮ್ಮ ಮಕ್ಕಳು ಓದುತ್ತಾರೆ ಅಂತ ಊರಿಗೆ ಗೊತ್ತಾಗದಿದ್ದರೆ ಬಾಗಿಲು ಮುಚ್ಚಬೇಕಾಗುತ್ತದೆ ಎಂದರು. ಅವರು ಶಾಲೆಯ ಕಾರ್ಯದರ್ಶಿ. ಕಟ್ಟಡವೂ ಅವರದೇ. ಮುಂದೆ ಅವರ ಅಡಿಕೆ ಮಂಡಿ, ಹಿಂದೆ ನಮ್ಮ ಶಾಲೆ.

ನಾನು ಅನುಸೂಯ. ಹೊರಕೆರೆದೇವಪುರದಿಂದ ಬೆಳಗಿನ ಬಸ್ಸಿಗೆ ಬಂದು ಯುಕೆಜಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ಓದು ಕಲಿಸುವುದೆಂದರೆ ಅ ಆ ಇ ಈ ಕೂಗಿಸುವುದು ಅಂತ ತುಂಬ ಜನ ತಿಳಿದಿದ್ದಾರೆ. ಕೂಗಿಸುವುದಕ್ಕೆ ಟೀಚರ್ ಯಾಕೆ ಬೇಕು? ನಾನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಕ್ಷರವನ್ನು ದೊಡ್ಡದಾಗಿ ಬರೆದು, ಆ ಗೆರೆಯ ಮೇಲೆ ಹುಣಸೆ ಬೀಜ ಇಡಿಸುತ್ತಿದ್ದೆ. ಅಕ್ಷರ ಎಲ್ಲಿ ಬಾಗುತ್ತದೆ, ಎಲ್ಲಿ ತಿರುಗುತ್ತದೆ ಎಂಬುದು ಮೊದಲು ಬೆರಳಿಗೆ ಗೊತ್ತಾಗಬೇಕು. ಆಮೇಲೆ ಎರಡು ಅಕ್ಷರ ಪಕ್ಕಪಕ್ಕ. ಮ, ರ. ಅದನ್ನು ಮ ಅಂತ, ರ ಅಂತ ಬಿಡಿಬಿಡಿಯಾಗಿ ಎಷ್ಟು ದಿನ ಹೇಳಿದರೂ ಅದು ಓದಲ್ಲ. ಒಂದು ದಿನ ಎರಡು ಸದ್ದೂ ಕೂಡಿಕೊಂಡು ಮಗುವಿನ ಎದುರು ಮರ ನಿಲ್ಲುತ್ತದೆ. ಆಗ ಮುಖ ಬೇರೆಯಾಗುತ್ತದೆ. ಅದನ್ನು ನೋಡಿದವರಿಗೆ ಮಾತ್ರ ಗೊತ್ತು.

ಪರೀಕ್ಷೆ ಎಂದ ಕೂಡಲೇ ಮನೆಮನೆಯಲ್ಲಿ ಅಪ್ಪ ಅಮ್ಮಂದಿರು ಪುಸ್ತಕ ಹಿಡಿದು ಕುಳಿತರು. ಹದಿನಾರು ಪುಟದ ಬಣ್ಣದ ಪುಸ್ತಕ ಅದು. ಪುಟಕ್ಕೊಂದು ಚಿತ್ರ, ಚಿತ್ರದ ಕೆಳಗೊಂದು ಸಾಲು. ಒತ್ತಕ್ಷರ ಇಲ್ಲ. ಕೆಲವೇ ದಿನಗಳಲ್ಲಿ ಮಕ್ಕಳಿಗೆ ಮೊದಲಿಂದ ಕೊನೆಯವರೆಗೆ ಬಾಯಿಗೆ ಬಂತು. ಪುಸ್ತಕ ಮುಚ್ಚಿಟ್ಟರೂ ಹೇಳುತ್ತಿದ್ದರು. ಮುಚ್ಚಿಟ್ಟರೂ ಹೇಳುತ್ತಾರೆ ಅಂತ ತಾಯಂದಿರು ನನ್ನ ಹತ್ತಿರ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಅವರಿಗೆ ನಾನು ಏನು ಹೇಳಲಿ?

ನೇತ್ರಾವತಿಗೆ ಹಾಗೆ ಬಾಯಿಪಾಠ ಮಾಡಿಸುವವರು ಇರಲಿಲ್ಲ. ಅವಳ ತಂದೆ ಕಾಟಲಿಂಗಪ್ಪ ಹಿರಿಯೂರು ಕಡೆಯ ಕುರಿಗಾರ. ಬೇಸಿಗೆ ಬರುವ ಮೊದಲೇ ಮಂದೆ ಹೊಡೆದುಕೊಂಡು ಹೊಳಲ್ಕೆರೆ ದಾಟಿ ಭದ್ರಾ ಕಾಲುವೆಯ ಕಡೆ ಹೋಗುವವನು. ಗದ್ದೆಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಿಕೊಂಡು, ಮಳೆ ಬಿದ್ದ ಮೇಲೆ ಊರಿಗೆ ತಿರುಗುವುದು. ಹೆಂಡತಿ ಮಕ್ಕಳೂ ಜೊತೆಗೇ. ಹಿಂದಿನ ಮಳೆಗಾಲದಲ್ಲಿ ತಿರುಗಿ ಬರುವಾಗ ಮಾತ್ರ ಹೆಂಡತಿ ಪಾಲಮ್ಮ ಹಟ ಹಿಡಿದು, ಮಗಳನ್ನು ಕಟ್ಟಿಕೊಂಡು ಹೊಳಲ್ಕೆರೆಯಲ್ಲಿ ಒಂದು ಕೋಣೆ ಮಾಡಿ ನಿಂತಳು. ಮೂರ್ತಪ್ಪನವರ ಮಂಡಿಯಲ್ಲೇ ಅಡಿಕೆ ಆರಿಸುವ ಕೆಲಸ. ಮಗಳು ಅದರ ಹಿಂದಿನ ನಮ್ಮ ಶಾಲೆಯಲ್ಲಿ.

ಹುಡುಗಿ ಮಾತು ಕಡಿಮೆ, ಕಣ್ಣು ಜಾಸ್ತಿ. ಹುಣಸೆ ಬೀಜ ಇಡುವಾಗ ಅವಳದು ಗೆರೆ ತಪ್ಪುತ್ತಿರಲಿಲ್ಲ. ಆದರೆ ಪುಸ್ತಕ ಕೊಟ್ಟರೆ ಒಂದೇ ತೊಂದರೆ. ‘ಮನೆಯ ಮುಂದೆ ಗಿಡ ಇದೆ’ ಎಂದು ಅಚ್ಚಾಗಿದ್ದರೆ ಅವಳು ಬೆರಳಿಟ್ಟುಕೊಂಡು ‘ಮನೆ ಮುಂದೆ ಗಿಡ ಐತೆ’ ಅನ್ನುತ್ತಿದ್ದಳು. ನಾನು ‘ಇದೆ’ ಎಂದು ತಿದ್ದುತ್ತಿದ್ದೆ. ಅವಳು ತಲೆಯಾಡಿಸಿ, ‘ಹೂಂ, ಐತೆ’ ಅನ್ನುತ್ತಿದ್ದಳು. ಟೀಚರ್ ತನ್ನ ಮಾತನ್ನು ಒಪ್ಪಿದರು ಎಂದೇ ಅವಳ ಲೆಕ್ಕ.

ಅಷ್ಟರಲ್ಲಿ ನಿರಂಜನನ ತಾಯಿ ಒಂದು ದಿನ ಮೂರ್ತಪ್ಪನವರ ಹತ್ತಿರ ಹೋಗಿ ದೂರು ಕೊಟ್ಟಳು. ಗಂಡ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ತನ್ನ ಮಗ ಮನೆಯಲ್ಲಿ ‘ಐತೆ’, ‘ಹೋಗಾಣ’ ಅನ್ನುವುದು ಕಲಿತಿದ್ದಾನೆ, ಕುರಿಯವರ ಹುಡುಗಿಯ ಪಕ್ಕ ಕೂರಿಸಿದ್ದರಿಂದ ಹೀಗಾಗಿದೆ ಎಂದಳು. ಹೊಳಲ್ಕೆರೆಯಲ್ಲಿ ಹುಟ್ಟಿದ ಹುಡುಗ ‘ಐತೆ’ ಅನ್ನುವುದನ್ನು ಶಾಲೆಗೆ ಬಂದು ಕಲಿಯಬೇಕೇ? ಅವಳ ಅತ್ತೆ ಬೀದಿಯಲ್ಲಿ ಐತೆ ಐತೆ ಅನ್ನುತ್ತಲೇ ಸೊಪ್ಪಿನವಳ ಜೊತೆ ಜಗಳವಾಡುವುದನ್ನು ನಾನೇ ಕೇಳಿದ್ದೇನೆ. ಆದರೂ ಮೂರ್ತಪ್ಪನವರು ಆ ಮಾತನ್ನು ತಲೆಗೆ ಹಚ್ಚಿಕೊಂಡರು. ಪರೀಕ್ಷೆಯ ದಿನ ಉಚ್ಚಾರವನ್ನೂ ನೋಡಬೇಕು ಎಂದು ನನಗೆ ಹೇಳಿ ಕಳಿಸಿದರು.

ಪರೀಕ್ಷೆಯ ಹಿಂದಿನ ದಿನ ಪಾಲಮ್ಮ ಸಂಜೆ ನನ್ನನ್ನು ಬಸ್‌ಸ್ಟ್ಯಾಂಡಿನವರೆಗೂ ಹಿಂಬಾಲಿಸಿ ಬಂದಳು. ಗಂಡ ಮಂದೆಯನ್ನು ತಮ್ಮನಿಗೆ ಒಪ್ಪಿಸಿ ಬಂದಿದ್ದಾನೆ. ಅವನದು ಒಂದೇ ಷರತ್ತು. ಶಾಲೆಯವರು ಈ ಹುಡುಗಿಗೆ ಓದು ಹತ್ತುತ್ತದೆ ಅಂದರೆ ತಾಯಿ ಮಗಳು ಇಲ್ಲೇ ಇರಲಿ. ಹತ್ತುವುದಿಲ್ಲ ಅಂದರೆ ಇಬ್ಬರೂ ಆ ದಿನವೇ ಶಿವಮೊಗ್ಗದ ಬಸ್ಸು ಹತ್ತಿ ಮಂದೆಗೆ ಸೇರಬೇಕು. ಸರ್ಕಾರಿ ಶಾಲೆ ಇದೆಯಲ್ಲ ಎಂದು ನಾನು ಕೇಳಿದೆ. ಹತ್ತದ ಓದಿಗೆ ಶಾಲೆ ಯಾವುದಾದರೇನು ಅನ್ನುತ್ತಾನೆ ಎಂದಳು. ಒಮ್ಮೆ ಮಂದೆಯ ಹಿಂದೆ ಹೋದರೆ ಹುಡುಗಿ ಮತ್ತೆ ಚಾಪೆಗೆ ಬರುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅವಳು ನನ್ನ ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತಿದ್ದಳು.

ಮರುದಿನ ನಾನು ಬರುವ ಹೊತ್ತಿಗೆ ಗೇಟಿನ ಹೊರಗೆ ಹೊಂಗೆ ಮರದಡಿ ಕಾಟಲಿಂಗಪ್ಪ ಕುಕ್ಕರಗಾಲಲ್ಲಿ ಕುಳಿತಿದ್ದ. ಎತ್ತರದ ಆಳು, ಹೆಗಲ ಮೇಲೆ ಕಂಬಳಿ. ಪಕ್ಕದಲ್ಲಿ ದೊಡ್ಡ ಗಂಟು. ಕೋಣೆಯ ಪಾತ್ರೆ ಪಡಗ ಎಲ್ಲ ಕಟ್ಟಿ ತಂದಾಗಿತ್ತು. ಅದನ್ನು ನೋಡಿ ನನಗೆ ಮೈ ಉರಿಯಿತು. ಇನ್ನೂ ಪರೀಕ್ಷೆಯೇ ಆಗಿಲ್ಲ, ಗಂಟು ಯಾಕೆ ಕಟ್ಟಿದೆ ಎಂದು ಕೇಳಿದೆ. ಬಿಚ್ಚುವುದಕ್ಕೇನೂ ಹೊತ್ತಾಗುವುದಿಲ್ಲ ಎಂದ.

ಪರೀಕ್ಷೆ ಮಾಡಲು ಬಂದವರು ಶ್ರೀನಿವಾಸ್ ಮೇಷ್ಟ್ರು. ಚಿತ್ರದುರ್ಗದಲ್ಲಿ ಹೈಸ್ಕೂಲಿಗೆ ಕನ್ನಡ ಹೇಳುವವರು, ಮೂರ್ತಪ್ಪನವರಿಗೆ ದೂರದ ನೆಂಟರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅವರನ್ನು ಮೇಜಿನ ಹಿಂದೆ ಕೂರಿಸಿ, ಎದುರಿಗೆ ಒಂದು ಪುಟ್ಟ ಕುರ್ಚಿ ಹಾಕಿದರು. ಮಕ್ಕಳು ಒಬ್ಬೊಬ್ಬರೇ ಬಂದು ಅದರ ಮೇಲೆ ಕೂರಬೇಕು. ಮೂರ್ತಪ್ಪನವರು ಪಕ್ಕದಲ್ಲಿ. ನಾನು ಗೋಡೆಗೆ ಒರಗಿ ನಿಂತಿದ್ದೆ. ಆಯಾ ಈರಕ್ಕ ಬಾಗಿಲಲ್ಲಿ.

ನಿರಂಜನ ಮೊದಲು ಬಂದ. ಪುಸ್ತಕ ಬಿಡಿಸಿದ, ಗಂಟಲು ಸರಿಮಾಡಿಕೊಂಡ, ಶುರು ಮಾಡಿದ. ಎಲ್ಲೂ ತಡೆಯಲಿಲ್ಲ. ನಾನು ಅವನ ಕಣ್ಣು ನೋಡುತ್ತಿದ್ದೆ. ಕಣ್ಣು ಪುಟದ ಮೇಲೆ ಇರಲೇ ಇಲ್ಲ, ಮೇಷ್ಟ್ರ ಮುಖದ ಮೇಲಿತ್ತು. ಐದನೇ ಪುಟದಲ್ಲಿ ಹಾಳೆ ತಿರುಗಿಸುವ ಮೊದಲೇ ಆರನೇ ಪುಟದ ಸಾಲು ಬಂತು. ಮೇಷ್ಟ್ರ ಹುಬ್ಬು ಸ್ವಲ್ಪ ಎದ್ದಿತೋ ಏನೋ. ಮೂರ್ತಪ್ಪನವರು ಭೇಷ್ ಎಂದರು. ಆಮೇಲೆ ಬಂದವರೂ ಹೆಚ್ಚುಕಡಿಮೆ ಹಾಗೆಯೇ. ಒಬ್ಬಳು ಅತ್ತಳು, ಅತ್ತುಕೊಂಡೇ ಹದಿನಾರು ಪುಟವನ್ನೂ ಒಪ್ಪಿಸಿದಳು.

ನೇತ್ರಾವತಿಯ ಸರದಿ ಬಂದಾಗ ಅವಳು ಕುರ್ಚಿಯ ತುದಿಯಲ್ಲಿ ಕುಳಿತು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಬೆರಳಿಟ್ಟಳು. ಅವಳದು ನಿಧಾನ. ಒಂದು ಪದ, ಬೆರಳು ಸರಿಯುತ್ತದೆ, ಇನ್ನೊಂದು ಪದ.

“ಮನೆ... ಮುಂದೆ... ಗಿಡ... ಐತೆ.”

ಮೂರ್ತಪ್ಪನವರು ನನ್ನ ಕಡೆ ನೋಡಿದರು. ಮೇಷ್ಟ್ರು ಮತ್ತೆ ಓದು ಎಂದರು. ಅವಳು ಮತ್ತೆ ಅದೇ ಓದಿದಳು. ಇದೆ ಅನ್ನಬೇಕು ಎಂದು ಮೇಷ್ಟ್ರು ಮೆತ್ತಗೇ ಹೇಳಿದರು. ಹುಡುಗಿ ತಲೆಯಾಡಿಸಿ ಹೂಂ ಐತೆ ಎಂದಳು. ಬಾಗಿಲಲ್ಲಿ ಈರಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಮೇಷ್ಟ್ರು ನನ್ನನ್ನು ಹತ್ತಿರ ಕರೆದರು. ಈ ಮಗು ಓದುತ್ತಿಲ್ಲ, ಚಿತ್ರ ನೋಡಿ ಹೇಳುತ್ತಿದೆ ಎಂದರು. ಚಿತ್ರದಲ್ಲಿ ಮನೆ ಇದೆ, ಮುಂದೆ ಗಿಡ ಇದೆ, ಅದನ್ನೇ ತನ್ನ ಮಾತಿನಲ್ಲಿ ಹೇಳುತ್ತಿದ್ದಾಳೆ. ಅಕ್ಷರ ನೋಡಿದ್ದರೆ ‘ಇ’ ಕಾಣಬೇಕಿತ್ತಲ್ಲ, ‘ಐ’ ಎಲ್ಲಿಂದ ಬಂತು?

ಓದುತ್ತಾಳೆ ಸಾರ್ ಎಂದೆ, ಅವಳು ಓದುವುದನ್ನು ನಾನು ನೋಡಿದ್ದೇನೆ ಎಂದೆ. ನೋಡಿದ್ದೇನೆ ಅಂದರೆ ಯಾರು ನಂಬುತ್ತಾರೆ? ಮೂರ್ತಪ್ಪನವರು ಗಡಿಯಾರ ನೋಡಿಕೊಂಡರು.

“ನೋಡಮ್ಮ, ರೂಲ್ಸ್ ಅಂದ್ರೆ ರೂಲ್ಸು. ಪುಸ್ತಕದಾಗೆ ಏನ್ ಐತೋ ಅದನ್ನ ಓದ್ಬೇಕು.”

“ಏನ್ ಐತೋ ಅಂದ್ರಿ?” ಎಂದೆ.

ಅವರ ಕಿವಿ ಕೆಂಪಾಯಿತು. ನಾನು ಮಾತಾಡಿದ್ದು ಅಷ್ಟೇ, ಕುರ್ಚಿಯ ಮೇಲಿನ ಹುಡುಗಿಗೆ ಅದರಿಂದ ಏನೂ ಸಿಗಲಿಲ್ಲ. ಹೊರಗೆ ಬಸ್‌ಸ್ಟ್ಯಾಂಡಿನ ಕಡೆಯಿಂದ ಹಾರ್ನ್ ಕೇಳಿಸಿತು. ಶಿವಮೊಗ್ಗದ ಬಸ್ಸೋ ಏನೋ ಎಂದು ನಾನು ಬಾಗಿಲ ಕಡೆ ನೋಡಿದೆ.

ನಾವು ಹೀಗೆ ಜಗಳದಲ್ಲಿದ್ದಾಗ ಹುಡುಗಿ ತನ್ನ ಪಾಡಿಗೆ ಹಾಳೆ ತಿರುಗಿಸಿ ಮುಂದಿನ ಸಾಲಿಗೆ ಬೆರಳಿಟ್ಟಿದ್ದಳು. ‘ಗಿಡದ ತುಂಬ ಹೂ ಇವೆ’ ಎಂದು ಅಚ್ಚಾಗಿತ್ತು.

“ಗಿಡದ... ತುಂಬ... ಹೂ... ಅವೆ.”

ಮೇಷ್ಟ್ರು ಪೆನ್ನು ತೆಗೆದು ತಪ್ಪು ಹಾಕಲು ಹೋದವರು ನಿಲ್ಲಿಸಿದರು. ಹಿಂದಿನ ಪುಟ ತಿರುಗಿಸಿ, ಇದನ್ನು ಓದು ಎಂದರು. ಐತೆ ಎಂದಳು. ಮುಂದಿನ ಪುಟ. ಅವೆ ಎಂದಳು. ಅವರು ಪೆನ್ನನ್ನು ಮೇಜಿನ ಮೇಲಿಟ್ಟು, ಒಂದು ಸ್ಲೇಟು ಕೊಡಿ ಎಂದು ನನ್ನನ್ನು ಕೇಳಿದರು.

ಸ್ಲೇಟಿನ ಮೇಲೆ ಎರಡು ಸಾಲು ಬರೆದರು. ‘ಹೊಲದ ಬಳಿ ಕುರಿ ಇದೆ.’ ಅದರ ಕೆಳಗೆ ‘ಹೊಲದ ಬಳಿ ಕುರಿ ಇವೆ.’ ಚಿತ್ರ ಇಲ್ಲ, ಪುಸ್ತಕದಲ್ಲಿ ಆ ಸಾಲೂ ಇಲ್ಲ. ಎರಡು ಸಾಲಿಗೂ ಒಂದೇ ಒಂದು ಅಕ್ಷರದ ವ್ಯತ್ಯಾಸ. ಅದನ್ನು ನೋಡಿದಾಗ ಮೇಷ್ಟ್ರು ಏನು ಹಿಡಿದಿದ್ದಾರೆ ಎಂದು ನನಗೆ ಹೊಳೆಯಿತು. ವರ್ಷವೆಲ್ಲ ಅವಳ ಎದುರು ಕುಳಿತ ನನಗೆ ಹೊಳೆಯದಿದ್ದದ್ದು. ಇಲ್ಲಿ ಎರಡಕ್ಕೂ ಐತೆ ಅಂದುಬಿಟ್ಟರೆ ಮುಗಿಯಿತು.

ಹುಡುಗಿ ಮೊದಲ ಸಾಲಿನ ಮೇಲೆ ಬೆರಳು ಎಳೆದಳು.

“ಹೊಲದ ಬಳಿ... ಕುರಿ ಐತೆ.”

ಎರಡನೇ ಸಾಲು. ಕುರಿಯವರೆಗೆ ಬಂದು ಬೆರಳು ನಿಂತಿತು. ಮೂರ್ತಪ್ಪನವರು ಕೆಮ್ಮಿದರು. ಅವಳು ಮೊದಲ ಸಾಲಿಗೆ ವಾಪಸು ಹೋಗಿ ನೋಡಿದಳು, ಮತ್ತೆ ಕೆಳಗೆ ಬಂದಳು.

“ಕುರಿ ಅವೆ.”

“ಇಲ್ಲಿ ಎಷ್ಟು ಕುರಿ?” ಮೇಷ್ಟ್ರು ಮೊದಲ ಸಾಲು ತೋರಿಸಿದರು.

“ಒಂದು. ತಪ್ಪಿಸ್ಕಂಡೈತೆ.”

“ಇಲ್ಲಿ?”

“ಮಂದೆ.”

ಮೇಷ್ಟ್ರು ಸ್ಲೇಟನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೂರ್ತಪ್ಪನವರಿಗೆ ತಿಳಿಸಿ ಹೇಳಿದರು. ‘ದೆ’ ಕಂಡಲ್ಲಿ ಐತೆ ಅನ್ನುತ್ತಾಳೆ, ‘ವೆ’ ಕಂಡಲ್ಲಿ ಅವೆ ಅನ್ನುತ್ತಾಳೆ. ಅಕ್ಷರ ಓದದೆ ಇದು ಸಾಧ್ಯವಿಲ್ಲ. ಓದಿ, ಅರ್ಥ ಮಾಡಿಕೊಂಡು, ತನ್ನ ಮಾತಿನಲ್ಲಿ ಹೇಳುತ್ತಿದ್ದಾಳೆ. ತಾವು ಮೊದಲು ಹೇಳಿದ್ದು ತಪ್ಪು ಎಂದರು. ಹೈಸ್ಕೂಲು ಮೇಷ್ಟ್ರೊಬ್ಬರು ಒಂದು ಮಗುವಿನ ಮುಂದೆ ತಪ್ಪು ಎಂದು ಒಪ್ಪಿದ್ದನ್ನು ನಾನು ಆವತ್ತೇ ನೋಡಿದ್ದು. ಅವರು ಅಲ್ಲಿಗೇ ಬಿಡಲಿಲ್ಲ. ಹೊರಗೆ ಚಕ್ಕುಲಿ ತಿನ್ನುತ್ತಿದ್ದ ನಿರಂಜನನನ್ನು ಕರೆಸಿ ಅದೇ ಸ್ಲೇಟು ಕೊಟ್ಟರು. ಅವನು ಸ್ಲೇಟು ನೋಡಿದ, ಮೇಷ್ಟ್ರ ಮುಖ ನೋಡಿದ, ‘ಮನೆಯ ಮುಂದೆ ಗಿಡ ಇದೆ’ ಎಂದು ಶುರು ಮಾಡಿದ.

ಮೂರ್ತಪ್ಪನವರು ಹುಡುಗನನ್ನು ತಕ್ಷಣ ಹೊರಗೆ ಕಳಿಸಿದರು. ಬಾಗಿಲು ಹಾಕುವಂತೆ ಈರಕ್ಕನಿಗೆ ಹೇಳಿದರು. ಆಮೇಲೆ ದನಿ ತಗ್ಗಿಸಿದರು. ಪುಸ್ತಕ ಓದಬೇಕು ಅಂತಲೇ ನಿಯಮ ಇರುವುದು, ಸ್ಲೇಟು ಅಂತ ಅಲ್ಲ. ಪುಸ್ತಕ ಅವರೆಲ್ಲ ಸರಿಯಾಗಿ ಹೇಳಿದ್ದಾರೆ, ಇವಳು ಹೇಳಿಲ್ಲ. ಇವಳನ್ನು ಒಂದನೆಯದಕ್ಕೆ ತೆಗೆದುಕೊಂಡರೆ ಜೂನ್‌ನಲ್ಲಿ ಬೇರೆ ತಾಯಂದಿರು ಮಕ್ಕಳನ್ನು ಬಿಡಿಸಿ ಅರ್ಧ ಬೆಂಚು ಖಾಲಿಯಾಗುತ್ತದೆ, ಅವರಿಗೆ ಉತ್ತರ ಹೇಳುವವನು ನಾನು. ಇನ್ನೊಂದು ವರ್ಷ ಯುಕೆಜಿಯಲ್ಲಿ ಕೂರಲಿ, ನಾಲಿಗೆ ತಿದ್ದಿ. ಅಷ್ಟೇ.

ನಾನು ಏನೇನು ಅಂದೆನೋ ಎಲ್ಲವನ್ನೂ ಇಲ್ಲಿ ಬರೆಯುವುದಿಲ್ಲ. ನಿಮ್ಮ ಮಂಡಿಯಲ್ಲಿ ಕೊಳೆ ಅಡಿಕೆಯನ್ನು ಒಳ್ಳೆಯದರ ಜೊತೆ ಮಾರುವ ಬುದ್ಧಿಯನ್ನೇ ಇಲ್ಲಿಗೂ ತಂದಿದ್ದೀರಿ ಎಂದದ್ದು ನೆನಪಿದೆ. ಮೇಷ್ಟ್ರು ನಡುವೆ ಬರಲಿಲ್ಲ. ಈ ಮಗು ಓದುತ್ತದೆ ಎಂದು ನಾನು ಹೇಳಿದ್ದೇನೆ, ಸಂಸ್ಥೆ ನಿಮ್ಮದು ಎಂದು ಎದ್ದು, ಪೆನ್ನು ಜೇಬಿಗೆ ಹಾಕಿಕೊಂಡು, ಚಿತ್ರದುರ್ಗದ ಬಸ್ಸಿಗೆ ಹೊರಟುಹೋದರು. ಹೋಗುವಾಗ ಹುಡುಗಿಯ ತಲೆ ಸವರಿದರು. ಸವರಿದ್ದರಿಂದ ಏನಾಯಿತು?

ನಾನು ಸ್ಲೇಟು ಹಿಡಿದೇ ಗೇಟಿಗೆ ಬಂದೆ. ನೇತ್ರಾವತಿ ನನಗಿಂತ ಮುಂದೆ ಓಡಿ ಅಪ್ಪನ ಕಂಬಳಿ ಹಿಡಿದುಕೊಂಡಳು. ಪರೀಕ್ಷೆಯ ಮಾತು ಅವಳ ಬಾಯಲ್ಲಿ ಬರಲೇ ಇಲ್ಲ.

“ಅಪ್ಪ, ಕರೆ ಮರಿ ಹೆಂಗೈತೆ?”

“ಐತೆ,” ಎಂದ ಕಾಟಲಿಂಗಪ್ಪ. “ಮಂದೇಲಿ ಐತೆ.”

ಪಾಲಮ್ಮ ಬೇರೆ ಕಡೆ ಮುಖ ತಿರುಗಿಸಿದಳು. ಆ ಕಪ್ಪು ಮರಿ ಹುಟ್ಟಿದಾಗ ತಾಯಿಕುರಿ ಸತ್ತು, ಹುಡುಗಿಯೇ ಬಟ್ಟೆ ಅದ್ದಿ ಹಾಲು ಕುಡಿಸಿ ಬದುಕಿಸಿದ್ದು ಎಂದು ಆಮೇಲೆ ಹೇಳಿದಳು. ಕಾಟಲಿಂಗಪ್ಪ ಮಗಳನ್ನು ನೀರು ಕುಡಿದು ಬಾ ಎಂದು ಈರಕ್ಕನ ಜೊತೆ ಒಳಗೆ ಕಳಿಸಿ, ನನ್ನ ಕಡೆ ತಿರುಗಿದ.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಶಾಲೆಯವರು ಒಂದನೇ ತರಗತಿಗೆ ತೆಗೆದುಕೊಳ್ಳುವುದಿಲ್ಲ ಎಂದೆ. ಆದರೆ ನಿನ್ನ ಮಗಳು ಓದುತ್ತಾಳೆ ಎಂದೆ. ಅವನು ಎರಡನ್ನೂ ಕೇಳಿಸಿಕೊಂಡು ಎದ್ದು ನಿಂತು, ಗಂಟಿಗೆ ಕೈ ಹಾಕಿದ.

“ಶಾಲೆ ಇಲ್ಲ ಅಂತೈತೆ. ನೀವು ಹೌದು ಅಂತೀರಿ. ಯಾರನ್ನ ನಂಬ್ಲಿ ನಾನು?”

ಈ ಹಾಳು ಶಾಲೆ ಬಿಡು, ಜೂನ್‌ನಲ್ಲಿ ಸರ್ಕಾರಿ ಶಾಲೆಗೆ ನಾನೇ ಕೈ ಹಿಡಿದು ಸೇರಿಸುತ್ತೇನೆ ಎಂದೆ. ನನ್ನ ಮಾತು ನಂಬು ಎಂದೆ. ಅವನು ಗಂಟು ಎತ್ತಲಿಲ್ಲ, ಬಿಡಲೂ ಇಲ್ಲ. ತನಗೆ ಅಕ್ಷರ ಬರುವುದಿಲ್ಲ, ಹುಡುಗಿ ಬಾಯಿಗೆ ಬಂದದ್ದು ಹೇಳಿದರೆ ಅದು ಓದೋ ಅಲ್ಲವೋ ಎಂದು ತನಗೆ ಹೇಗೆ ಗೊತ್ತಾಗಬೇಕು ಎಂದ. ಅದು ಸರಿಯಾದ ಮಾತೇ. ಒಳಗೆ ಮೇಜಿನ ಹಿಂದೆ ಕುಳಿತವರೂ ಅದನ್ನೇ ಕೇಳಿದ್ದರು. ಸ್ಲೇಟಿನ ಮೇಲೆ ನಾನು ಈಗ ಏನಾದರೂ ಬರೆಯುತ್ತೇನೆ, ಅವಳನ್ನು ಕರೆದು ಓದಿಸು ಎಂದೆ. ನೀವು ಬರೆಯುವುದನ್ನು ನೀವೇ ಕಲಿಸಿರುತ್ತೀರಿ ಎಂದ.

ಶಿವಮೊಗ್ಗದ ಬಸ್ಸು ಬಂದು ನಿಂತಿತೆಂದು ಯಾರೋ ಹೇಳಿಕೊಂಡು ಹೋದರು. ಕಾಟಲಿಂಗಪ್ಪ ಬಾಗಿಲ ಕಡೆ ನೋಡಿದ, ಮಗಳು ಇನ್ನೂ ಒಳಗೇ ಇದ್ದಳು. ಅವನು ನನ್ನ ಹತ್ತಿರ ಬಂದು ಬಗ್ಗಿದ. ಕುರಿಯ, ಬೀಡಿಯ ವಾಸನೆ.

“ನಾ ಹೇಳಿದ್ದು ಬರೀರಿ. ತೋಳ ಕರೆ ಮರಿ ತಿಂದೈತೆ.”

ನನಗೆ ತಕ್ಷಣ ಅರ್ಥವಾಗಲಿಲ್ಲ. ಪಾಲಮ್ಮನಿಗೆ ಆಯಿತು. ಬ್ಯಾಡ ಎಂದು ಅವಳು ಅವನ ಕೈ ಹಿಡಿದಳು. ತುರುವನೂರು ಕಡೆ ಮಂದೆ ಮೇಯುತ್ತಿದ್ದಾಗ ನಡೆದದ್ದು. ಮಗಳಿಗೆ ಹೇಳಲು ಇಬ್ಬರಿಗೂ ಬಾಯಿ ಬಂದಿಲ್ಲ. ಪ್ರತಿ ಸಲ ಕೇಳಿದಾಗಲೂ ಐತೆ ಅನ್ನುತ್ತಾ ಬಂದಿದ್ದಾರೆ.

ಬೇರೆ ಏನಾದರೂ ಹೇಳು, ನಿನ್ನ ನಾಯಿಯ ಹೆಸರು ಹೇಳು, ರಾತ್ರಿ ಏನು ಊಟ ಮಾಡಿದೆ ಅದನ್ನು ಹೇಳು ಎಂದು ನಾನು ಗದರಿದೆ. ಅವನು ಅಲ್ಲಾಡಲಿಲ್ಲ. ನಾಯಿಯ ಹೆಸರು ಅವಳಿಗೆ ಗೊತ್ತು, ಊಟ ಊಹಿಸಿಯಾಳು. ಇದೊಂದನ್ನು ನೀವೂ ಕಲಿಸಿರಲಾರಿರಿ, ಅವಳೂ ಊಹಿಸಲಾರಳು ಎಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಮೋಸ ಹೋಗಬಾರದು ಅನ್ನುವುದಷ್ಟೇ ಇತ್ತು.

ನಾನು ಸ್ಲೇಟನ್ನು ಸೆರಗಿನಿಂದ ಒರೆಸಿದೆ. ಬಳಪದ ಕಡ್ಡಿ ಹಿಡಿದೆ. ಆ ಮಗುವಿಗೆ ಮರ, ಗಿಡ, ಹೂ ಓದಿಸಿದ್ದೆ. ಅವಳಿಗೆ ಗೊತ್ತಿಲ್ಲದ ಸುದ್ದಿ ಅಂತ ಒಂದನ್ನೂ ಇದುವರೆಗೆ ಬರೆದು ತೋರಿಸಿರಲಿಲ್ಲ. ಮೊದಲನೆಯದೇ ಇದಾಗಬೇಕೇ? ಬರೆಯದಿದ್ದರೆ ಗಂಟು ಬಸ್ಸಿನ ಮೇಲೇರುತ್ತದೆ. ಬರೆದರೆ, ಅವಳಿಗೆ ‘ತೋಳ’ ಓದಲು ಬಾರದಿದ್ದರೆ? ‘ಳ’ ಅವಳಿಗೆ ಯಾವಾಗಲೂ ತಡೆಯುವ ಅಕ್ಷರ. ಅವನು ಹೇಳಿದಂತೆಯೇ ‘ತಿಂದೈತೆ’ ಎಂದು ಬರೆಯೋಣವೆಂದುಕೊಂಡೆ. ಆದರೆ ಪುಸ್ತಕದಲ್ಲಿ ಎಲ್ಲೂ ಕಾಣದ ಆ ಪದದ ಮುಂದೆ ಹುಡುಗಿ ನಿಂತುಬಿಟ್ಟರೆ ಅದೂ ಕಷ್ಟ. ಕೊನೆಗೆ ನಾನು ಕಲಿಸಿದ ಬರಹದಲ್ಲೇ ಬರೆದೆ.

‘ತೋಳ ಕರಿ ಮರಿ ತಿಂದಿದೆ.’

ಈರಕ್ಕ ಅವಳನ್ನು ಕರೆತಂದಳು. ಬಾಯಿಯ ಸುತ್ತ ಇನ್ನೂ ನೀರು ಅಂಟಿತ್ತು. ನಾನು ಸ್ಲೇಟು ಕೊಟ್ಟು ಓದು ಎಂದೆ, ಹೆಚ್ಚಿಗೆ ಒಂದು ಮಾತೂ ಆಡಲಿಲ್ಲ. ಅವಳು ನೆಲದ ಮೇಲೆ ಕುಳಿತು ಸ್ಲೇಟನ್ನು ಮಡಿಲಲ್ಲಿಟ್ಟು ಬೆರಳಿಟ್ಟಳು. ಕಾಟಲಿಂಗಪ್ಪ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ಅವಳ ತುಟಿಯನ್ನೇ ನೋಡತೊಡಗಿದ.

“ತೋ...” ಬೆರಳು ನಿಂತಿತು. ‘ಳ’ದ ಸುತ್ತ ಉಗುರಿನಿಂದ ಒಂದು ಸುತ್ತು ಹಾಕಿದಳು, ಹುಣಸೆ ಬೀಜ ಇಟ್ಟ ಹಾಗೆ. “ತೋಳ.”

ತೋಳ ಎಂದಾಗ ಅವಳಿಗೆ ಏನೂ ಅನಿಸಲಿಲ್ಲ. ಸರಿಯಾಗಿ ಓದಿದೆನಲ್ಲ ಎಂದು ನನ್ನ ಮುಖ ನೋಡಿದಳು. ನಾನು ಮುಖದ ಮೇಲೆ ಏನೂ ಕಾಣಗೊಡಲಿಲ್ಲ. ಬೆರಳು ಮುಂದೆ ಹೋಯಿತು.

“ಕರೆ... ಮರಿ...”

ಈಗ ಅಪ್ಪನ ಕಡೆ ನೋಡಿ ನಕ್ಕಳು. ತನ್ನ ಮರಿ ಸ್ಲೇಟಿನ ಮೇಲೆ ಬಂದಿದೆ ಎಂಬ ಸಂತೋಷ. ಪಾಲಮ್ಮ ಅಲ್ಲಿಂದ ಎದ್ದು ಹೋಗಿ ಮರದ ಆಚೆ ನಿಂತಳು. ಹುಡುಗಿ ಕೊನೆಯ ಪದಕ್ಕೆ ಬೆರಳಿಟ್ಟು ತುಟಿ ಅಲ್ಲಾಡಿಸಿದಳು. ತಿಂ. ದಿ. ಮತ್ತೆ ತಿಂ. ಆಮೇಲೆ ಸದ್ದು ನಿಂತಿತು. ತುಟಿಯೂ ನಿಂತಿತು. ಬೆರಳು ಮೊದಲ ಪದಕ್ಕೆ ಹೋಯಿತು, ಅಲ್ಲಿಂದ ನಿಧಾನವಾಗಿ ಕೊನೆಯವರೆಗೂ ಬಂತು.

“ತೋಳ ಕರೆ ಮರಿ ತಿಂದೈತೆ.”

ಪಿಸುಮಾತಿನಲ್ಲಿ ಬಂತು. ಅವನು ನನ್ನ ಕಿವಿಯಲ್ಲಿ ಹೇಳಿದ ಮಾತು ಅಕ್ಷರ ತಪ್ಪದೆ ಹಾಗೇ. ನಾನು ಬರೆದದ್ದು ‘ಕರಿ’, ‘ತಿಂದಿದೆ’. ಅವಳ ಬಾಯಿಂದ ಬಂದದ್ದು ಅವಳಪ್ಪನ ಮಾತು. ನಾನು ಬರೆದಂತೆಯೇ ಓದಿದ್ದರೆ ಕಾಟಲಿಂಗಪ್ಪ ಬಹುಶಃ ಇನ್ನೂ ಅನುಮಾನ ಪಡುತ್ತಿದ್ದ. ಈಗ ಅವನ ಕೈ ಕಂಬಳಿಯಿಂದ ಜಾರಿ ನೆಲಕ್ಕೆ ಊರಿತು.

ಹುಡುಗಿ ಅವನನ್ನು ನೋಡಿದಳು. ಸುಳ್ಳೋ ನಿಜವೋ ಎಂದು ಕೇಳಲಿಲ್ಲ, ಅವನ ಮುಖದಲ್ಲೇ ಅದು ಇತ್ತು. ಆಮೇಲೆ ನನ್ನ ಕಡೆ ತಿರುಗಿದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

“ನೀವ್ಯಾಕೆ ಬರುದ್ರಿ?”

ನಾನು ಉತ್ತರ ಕೊಡುವ ಮೊದಲೇ ಅವಳು ಅಂಗೈಗೆ ಉಗುಳು ಹಚ್ಚಿ ಸ್ಲೇಟು ಉಜ್ಜತೊಡಗಿದಳು. ಎಲ್ಲವನ್ನೂ ಅಳಿಸುತ್ತಾಳೆ ಎಂದುಕೊಂಡೆ. ಇಲ್ಲ. ಮೊದಲ ಪದವೊಂದನ್ನೇ ಉಜ್ಜಿದಳು, ಅದರ ಗುರುತೂ ಉಳಿಯದ ಹಾಗೆ, ಸ್ಲೇಟು ಕಪ್ಪಾಗುವವರೆಗೆ. ಉಜ್ಜುವಾಗ ಕಣ್ಣೀರು ಸ್ಲೇಟಿನ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ಹಿಡಿದಿದ್ದಳು.

ಏನು ಉಳಿಯಿತು ಎಂದು ಕಾಟಲಿಂಗಪ್ಪ ನನ್ನನ್ನು ಕೇಳಿದ. ಹುಡುಗಿಯೇ ಬೆರಳಿಟ್ಟು ಓದಿದಳು.

“ಕರೆ ಮರಿ ತಿಂದೈತೆ.”

ಇನ್ನೊಮ್ಮೆ ಓದಿದಳು. ಹೊಟ್ಟೆ ತುಂಬ ಮೇಯ್ದ ಮರಿಯ ಬಗ್ಗೆ ಹೇಳುವ ಹಾಗೆ. ಓದಿ, ಸ್ಲೇಟನ್ನು ತಿರುಗಿಸಿ ಎದೆಗೆ ಒತ್ತಿಕೊಂಡು, ಯಾರಿಗೂ ಮುಖ ಕೊಡದೆ ಗೋಡೆಯ ಕಡೆ ತಿರುಗಿ ಕುಳಿತಳು.

ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದ. ಕಾಟಲಿಂಗಪ್ಪ ಎದ್ದ. ಗಂಟನ್ನು ಎತ್ತಿ ಪಾಲಮ್ಮನ ತಲೆಯ ಮೇಲಿಟ್ಟು, ಕೋಣೆಗೆ ಹೋಗು, ಬಿಚ್ಚು ಎಂದ. ನನಗೆ ಕೈ ಮುಗಿಯಲಿಲ್ಲ, ಥ್ಯಾಂಕ್ಸ್ ಅನ್ನುವ ಜಾತಿಯೂ ಅಲ್ಲ ಅವನು. ಯಾವ ಶಾಲೆ ಅಂತ ನೀವೇ ನೋಡ್ರಿ ಎಂದಷ್ಟೇ ಹೇಳಿದ. ಮಗಳ ಹತ್ತಿರ ಹೋಗಿ ಒಂದು ಗಳಿಗೆ ನಿಂತ. ಅವಳು ತಿರುಗಲಿಲ್ಲ. ಅವನು ಕಂಬಳಿ ಹೆಗಲಿಗೆ ಎಳೆದುಕೊಂಡು ಒಬ್ಬನೇ ಬಸ್ಸಿಗೆ ನಡೆದ.

ಸ್ಲೇಟು ಶಾಲೆಯದು, ಇಸ್ಕೊಳ್ಳಲಾ ಎಂದು ಈರಕ್ಕ ಕೇಳಿದಳು. ಮುಟ್ಟಬೇಡ ಎಂದೆ.